ತೊಡರು: ಕೊಲಾಬಾದಿಂದ ದಿವಾದ ಹಳಿಯವರೆಗೆ

1925ರ ಫೆಬ್ರವರಿ 3ರಂದು ಎರಡು ಘಟನೆಗಳು ನಡೆದವು. ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾದವರೆಗೆ, ಹಾರ್ಬರ್ ಮಾರ್ಗವಾಗಿ, ಭಾರತದ ಮೊದಲ ವಿದ್ಯುತ್ ರೈಲು ಓಡಿತು. ಗವರ್ನರ್ ಲೆಸ್ಲಿ ವಿಲ್ಸನ್ ಅದನ್ನು ಉದ್ಘಾಟಿಸಿದರು. ಅದೇ ದಿನ ಇಂಗ್ಲೆಂಡಿನ ಕಡಲತಡಿಯ ಟಾರ್ಕ್ವೇ ಎಂಬ ಊರಿನಲ್ಲಿ ಆಲಿವರ್ ಹೆವಿಸೈಡ್ ಎಂಬ ಎಪ್ಪತ್ನಾಲ್ಕು ವರ್ಷದ ಒಂಟಿ ಮುದುಕ ತೀರಿಕೊಂಡ. ಸಮಾರಂಭಕ್ಕೂ ಸಾವಿಗೂ ನೇರ ಸಂಬಂಧವೇನೂ ಇಲ್ಲ. ಆದರೆ ಅಂದು ಕುರ್ಲಾದವರೆಗೆ ಬಂದು, ಮುಂದಿನ ಕೆಲವೇ ವರ್ಷಗಳಲ್ಲಿ ದಿವಾ, ಡೊಂಬಿವಲಿ, ಕಲ್ಯಾಣಗಳನ್ನು ದಾಟಿ ಪುಣೆ ಮತ್ತು ಇಗತ್‌ಪುರಿಗಳವರೆಗೆ ಹಬ್ಬಿದ ಆ ವಿದ್ಯುತ್ ಮಾರ್ಗದಲ್ಲಿ, ಹಳಿಗಳ ನಡುವೆ ಕುಳಿತ ಕಬ್ಬಿಣದ ಪೆಟ್ಟಿಗೆಗಳಿಗೆ ರೈಲ್ವೆಯವರು ಇಟ್ಟ ಹೆಸರು ಆ ಮುದುಕ ಟಂಕಿಸಿದ ಪದ: ಇಂಪಿಡೆನ್ಸ್.

ಈ ಪದ ನನ್ನ ಕಿವಿಗೆ ಬಿದ್ದದ್ದು ಪುಸ್ತಕದಿಂದಲ್ಲ. ದಿವಾದ ನಮ್ಮ ಕಟ್ಟಡದ ಕೆಳಮಹಡಿಯಲ್ಲಿ ರೈಲ್ವೆಯ ಸಿಗ್ನಲ್ ವಿಭಾಗದಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅಕ್ಕಲಕೋಟೆ ಕಡೆಯವರು. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ಡ್ಯೂಟಿಯಲ್ಲಿ ಹಿಂದಿ. ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ಮಳೆಗಾಲದ ಒಂದು ಬೆಳಗ್ಗೆ ಲೋಕಲು ಮುಂಬ್ರಾದ ಈಚೆಗೆ ನಿಂತೇ ಇದ್ದಾಗ, ಪಕ್ಕದಲ್ಲಿದ್ದ ಅವರನ್ನು ನಾನು ಸುಮ್ಮನೆ ಕೇಳಿದೆ: "ಕಾಕಾ, ಮುಂದೆ ಗಾಡಿಯೇ ಇಲ್ಲವಲ್ಲ, ಸಿಗ್ನಲ್ ಯಾಕೆ ಕೆಂಪು?" ಅವರು ನಕ್ಕರು. "ಮುಂದ ಗಾಡಿ ಇಲ್ರಿ ಸರ. ಆದ್ರ ಹಳಿಗೆ ಐತಿ ಅನಸ್ಯದ. ಹಳಿಗೆ ಅನಸಿದ್ರ ಮುಗೀತು, ನಾವ್ಯಾರು ಕೇಳಾವ್ರು?"

ಹಳಿಗೆ ಅನ್ನಿಸುವುದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿ ನಾನು ಕಂಡುಕೊಂಡ ಚರಿತ್ರೆಯ ಒಂದು ತುದಿ ಕೊಲಾಬಾದಲ್ಲಿದೆ, ಇನ್ನೊಂದು ತುದಿ ನಮ್ಮ ದಿವಾದಲ್ಲಿ. ಮಧ್ಯದಲ್ಲಿ ಶಿವನಸಮುದ್ರವೂ ಮೈಸೂರೂ ಬರುತ್ತವೆ.

ಮೊದಲು ಪದದ ಮಾತು. ನಮ್ಮ ಪಠ್ಯಪುಸ್ತಕಗಳು ರೆಸಿಸ್ಟೆನ್ಸನ್ನು 'ರೋಧ' ಎನ್ನುತ್ತವೆ. ಅದು ಚೆನ್ನಾಗಿದೆ. ಇಂಪಿಡೆನ್ಸಿಗೆ 'ಪ್ರತಿಬಾಧೆ' ಎಂದರೆ ಹಿಂದಿಯವರೊಡನೆ ಹೊಂದಿಕೊಂಡಂತೆ ಆಗುತ್ತದೆ, ಆದರೆ ಅದರಲ್ಲಿ ಬಾಧೆಯೇ ಹೆಚ್ಚು ಕೇಳಿಸುತ್ತದೆ. ಇಂಗ್ಲಿಷ್ ಪದದ ಮೂಲ ಲ್ಯಾಟಿನ್ನಿನ 'ಇಂಪೆದೀರೆ'. ಪಾದಕ್ಕೆ ಏನನ್ನೋ ಸಿಕ್ಕಿಸುವುದು, ಕಾಲಿಗೆ ಸಂಕೋಲೆ ಹಾಕುವುದು ಎಂದು ಅರ್ಥ. ಕನ್ನಡದಲ್ಲಿ ಇದಕ್ಕೆ ಹೊಸ ಪದ ಹುಟ್ಟಿಸಬೇಕಾಗಿಯೇ ಇಲ್ಲ, 'ತೊಡರು' ಇದೆ. ಕಾಲಿಗೆ ತೊಡರುವುದೂ ತೊಡರೇ, ಹಳೆಗನ್ನಡದಲ್ಲಿ ವೀರನು ಬಿರುದಿನ ಕುರುಹಾಗಿ ಪಾದಕ್ಕೆ ಕಟ್ಟಿಕೊಳ್ಳುತ್ತಿದ್ದ ಬಳೆಯೂ ತೊಡರೇ. ಅಡ್ಡಿಯೂ ಗುರುತೂ ಒಂದೇ ಪದದಲ್ಲಿ ಸೇರಿವೆ. ಈ ಪ್ರಬಂಧದಲ್ಲಿ ನಾನು ಅದನ್ನೇ ಬಳಸುತ್ತೇನೆ. ವಿಜ್ಞಾನಿಗಳು ಒಪ್ಪದಿದ್ದರೆ ತಪ್ಪು ನನ್ನದು.

ರೋಧ ಇರುವಾಗ ತೊಡರು ಎಂಬ ಬೇರೆ ಪರಿಕಲ್ಪನೆ ಏಕೆ ಬೇಕಾಯಿತು? ತಂತಿಯಲ್ಲಿ ವಿದ್ಯುತ್ತು ಸದಾ ಒಂದೇ ದಿಕ್ಕಿಗೆ, ಒಂದೇ ಸಮನೆ ಹರಿಯುತ್ತಿದ್ದರೆ ಬೇಕಾಗುತ್ತಿರಲಿಲ್ಲ. ಆಗ ಅಡ್ಡಿ ಎಂದರೆ ತಂತಿಯ ಉದ್ದ, ದಪ್ಪ ಮತ್ತು ಲೋಹದ ಗುಣ, ಅಷ್ಟೆ. ಆದರೆ ವಿದ್ಯುತ್ತು ಏರಿಳಿಯತೊಡಗಿದರೆ ಇನ್ನೊಂದು ಅಡ್ಡಿ ತಲೆಯೆತ್ತುತ್ತದೆ. ಪ್ರವಾಹ ಬದಲಾದಾಗ ಅದರ ಸುತ್ತಲಿನ ಕಾಂತಕ್ಷೇತ್ರವೂ ಬದಲಾಗಬೇಕು, ಆ ಕಾಂತಕ್ಷೇತ್ರ ಬದಲಾವಣೆಯನ್ನು ವಿರೋಧಿಸುತ್ತದೆ. ತುಂಬಿದ ಎತ್ತಿನ ಗಾಡಿಯನ್ನು ನೆನೆಯಿರಿ. ಸಮವಾಗಿ ಎಳೆಯುತ್ತಿರುವಾಗ ಇರುವುದು ಅಚ್ಚಿನ ಉಜ್ಜುವಿಕೆ ಮಾತ್ರ. ಅದೇ ಗಾಡಿಯನ್ನು ಗಳಿಗೆಗೊಮ್ಮೆ ಮುಂದಕ್ಕೂ ಹಿಂದಕ್ಕೂ ತಳ್ಳಬೇಕೆಂದರೆ ಭಾರವೇ ಅಡ್ಡಿಯಾಗುತ್ತದೆ. ಎಷ್ಟು ಬೇಗಬೇಗ ತಿರುಗಿಸುತ್ತೀರೋ ಅಷ್ಟು ಹೆಚ್ಚು ಅಡ್ಡಿ. ಉಜ್ಜುವಿಕೆಯ ಅಡ್ಡಿ ರೋಧ. ಭಾರದಿಂದ ಬರುವ ಅಡ್ಡಿಯನ್ನು ಎಂಜಿನಿಯರುಗಳು ರಿಯಾಕ್ಟೆನ್ಸ್ ಎನ್ನುತ್ತಾರೆ. ಎರಡೂ ಕೂಡಿದ್ದು ತೊಡರು.

ಇದು ಮೊದಲು ಕಾಡಿದ್ದು ಕಡಲಿನಡಿಯ ಟೆಲಿಗ್ರಾಫ್ ತಂತಿಗಳಲ್ಲಿ. 1870ರಲ್ಲಿ 'ಗ್ರೇಟ್ ಈಸ್ಟರ್ನ್' ಹಡಗು ಮುಂಬಯಿಯಿಂದ ಏಡನ್ನಿನ ಕಡೆಗೆ ಕೇಬಲ್ ಹಾಸಿತು, ಲಂಡನ್ನಿಗೆ ಕಡಲದಾರಿಯ ಸಂದೇಶ ಸಾಧ್ಯವಾಯಿತು. ಆದರೆ ಉದ್ದನೆಯ ಕೇಬಲಿನಲ್ಲಿ ಚುರುಕಾಗಿ ಕಳುಹಿಸಿದ ಚುಕ್ಕೆ-ಗೆರೆಗಳು ಆಚೆ ತುದಿಯಲ್ಲಿ ಒಂದಕ್ಕೊಂದು ಮೆತ್ತಿಕೊಂಡು ಬರುತ್ತಿದ್ದವು. ಡೆನ್ಮಾರ್ಕಿನ ಕೇಬಲಿನಲ್ಲಿ ಕೆಲಸಕ್ಕಿದ್ದ ಹೆವಿಸೈಡ್ ಇದನ್ನೇ ನೋಡುತ್ತ ಬೆಳೆದವನು. ಅವನಿಗೆ ಕಿವಿ ಮಂದ. ಇಪ್ಪತ್ನಾಲ್ಕನೆಯ ವಯಸ್ಸಿಗೇ ನೌಕರಿ ಬಿಟ್ಟು ಮನೆ ಸೇರಿ, ಉಳಿದ ಆಯುಷ್ಯವನ್ನೆಲ್ಲ ಗಣಿತದಲ್ಲಿ ಕಳೆದ. ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದವನಲ್ಲ. 'ಎಲೆಕ್ಟ್ರಿಷಿಯನ್' ಎಂಬ ವೃತ್ತಿಪತ್ರಿಕೆಯಲ್ಲಿ, ಹೆಚ್ಚು ಜನರಿಗೆ ಅರ್ಥವಾಗದ ಲೇಖನಗಳ ಸಾಲಿನಲ್ಲಿ, 1886ರಲ್ಲಿ ಇಂಪಿಡೆನ್ಸ್ ಎಂಬ ಪದವನ್ನು ತಂದ. ಮರುವರ್ಷ ಅವನು ಹೇಳಿದ ಮಾತು ಇನ್ನೂ ವಿಚಿತ್ರವಾಗಿತ್ತು: ತಂತಿಗೆ ಸೂಕ್ತ ಪ್ರಮಾಣದಲ್ಲಿ ಇಂಡಕ್ಟೆನ್ಸ್ ಸೇರಿಸಿದರೆ, ಅಂದರೆ ಮೇಲಿನ ಹೋಲಿಕೆಯಲ್ಲಿ ಗಾಡಿಯ ಭಾರವನ್ನು ಹೆಚ್ಚಿಸಿದರೆ, ದನಿ ಕೆಡದೆ ದೂರ ಹೋಗುತ್ತದೆ. ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ವಿಲಿಯಂ ಪ್ರೀಸ್‌ಗೆ ಇದು ಶುದ್ಧ ಅಸಂಬದ್ಧವೆನಿಸಿತು. ಇಂಡಕ್ಟೆನ್ಸ್ ದೂರವಾಣಿಯ ಶತ್ರು ಎಂಬುದು ಅವನ ನಿಲುವು. ಹನ್ನೆರಡು-ಹದಿಮೂರು ವರ್ಷ ಕಳೆದು ಅಮೆರಿಕದಲ್ಲಿ ಮೈಕೆಲ್ ಪ್ಯೂಪಿನ್ ತಂತಿಯ ದಾರಿಯಲ್ಲಿ ಅಲ್ಲಲ್ಲಿ ಸುರುಳಿ ಕೂರಿಸಿ ಪೇಟೆಂಟ್ ಪಡೆದು ಹಣ ಮಾಡಿದ. ಹೆವಿಸೈಡ್‌ಗೆ ದಕ್ಕಿದ್ದು ಬಡತನ ಮತ್ತು ತಡವಾಗಿ ಬಂದ ಕೀರ್ತಿ.

ಪದ ಹುಟ್ಟಿತು, ಅದನ್ನು ದಿನಬಳಕೆಯ ಲೆಕ್ಕಕ್ಕೆ ಒಗ್ಗಿಸಿದವನು ಮುಂಬಯಿಯಲ್ಲಿ ಹುಟ್ಟಿದವನು. ನಾವು ಮುಂಬಯಿವಾಸಿಗಳು ಇದನ್ನು ಯಾಕೋ ಮರೆತಿದ್ದೇವೆ. ಆರ್ಥರ್ ಎಡ್ವಿನ್ ಕೆನೆಲಿ 1861ರ ಡಿಸೆಂಬರ್ 17ರಂದು ಕೊಲಾಬಾದಲ್ಲಿ ಜನಿಸಿದ. ತಂದೆ ಐರಿಷ್ ಮೂಲದ ನೌಕಾಧಿಕಾರಿ. ತಾಯಿ ಮಗುವಿನ ಎಳವೆಯಲ್ಲೇ ಸತ್ತಳು, ತಂದೆ ಮಗನೊಡನೆ ಇಂಗ್ಲೆಂಡಿಗೆ ಮರಳಿದ. ಹದಿನಾಲ್ಕಕ್ಕೆ ಶಾಲೆ ಬಿಟ್ಟ ಹುಡುಗ ಲಂಡನ್ನಿನ ಟೆಲಿಗ್ರಾಫ್ ಎಂಜಿನಿಯರುಗಳ ಸಂಘದಲ್ಲಿ ಆಫೀಸ್ ಬಾಯ್ ಆದ. ಆಮೇಲೆ ಈಸ್ಟರ್ನ್ ಟೆಲಿಗ್ರಾಫ್ ಕಂಪನಿ ಸೇರಿ, ಕೇಬಲ್ ರಿಪೇರಿ ಮಾಡುವ ಹಡಗುಗಳಲ್ಲಿ ವಿದ್ಯುತ್ ತಜ್ಞನಾಗಿ ಕಡಲ ಮೇಲೆ ದುಡಿದ. ಅವನೂ ಕಾಲೇಜಿಗೆ ಹೋದವನಲ್ಲ. 1887ರ ಕೊನೆಗೆ ಅಮೆರಿಕ ಸೇರಿ ಎಡಿಸನ್ನನ ಪ್ರಯೋಗಶಾಲೆಯಲ್ಲಿ ಸಹಾಯಕನಾದ. ಆಗ ಎಡಿಸನ್ನನ ಡಿಸಿಗೂ ವೆಸ್ಟಿಂಗ್‌ಹೌಸ್‌ನ ಎಸಿಗೂ ಕಾದಾಟ ನಡೆದಿತ್ತು. ಎಸಿ ಎಷ್ಟು ಅಪಾಯಕರ ಎಂದು ತೋರಿಸಲು ಪ್ರಾಣಿಗಳ ಮೇಲೆ ನಡೆಸಿದ ಕ್ರೂರ ಪ್ರಯೋಗಗಳಲ್ಲಿ ಕೆನೆಲಿಯ ಕೈಯೂ ಇತ್ತು. ಚರಿತ್ರೆ ಬರೆಯುವಾಗ ಇದನ್ನು ಬಿಡಬಾರದು.

ಅದೇ ಕೆನೆಲಿ 1893ರ ಏಪ್ರಿಲ್‌ನಲ್ಲಿ ಅಮೆರಿಕದ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯ ಮುಂದೆ ಒಂದು ಪ್ರಬಂಧ ಓದಿದ. ಅದರ ಶೀರ್ಷಿಕೆ ಒಂದೇ ಪದ, 'ಇಂಪಿಡೆನ್ಸ್'. ಅದರ ಒಳತಿರುಳು ಇಷ್ಟು. ಒಂದು ಸುರುಳಿಯ ರೋಧ 3 ಓಮ್, ರಿಯಾಕ್ಟೆನ್ಸ್ 4 ಓಮ್ ಎಂದುಕೊಳ್ಳಿ. ಒಟ್ಟು ಅಡ್ಡಿ 7 ಅಲ್ಲ, 5. ಏಕೆಂದರೆ ಎರಡೂ ಒಂದೇ ದಿಕ್ಕಿನವಲ್ಲ, ಒಂದಕ್ಕೊಂದು ಲಂಬ. ಲಂಬಕೋನ ತ್ರಿಭುಜದ ಎರಡು ಬಾಹುಗಳ ಹಾಗೆ ಅವನ್ನು ಇಟ್ಟು ಕರ್ಣವನ್ನು ಅಳೆಯಬೇಕು. ಹೀಗೆ ಲಂಬವಾಗಿ ನಿಂತ ರಿಯಾಕ್ಟೆನ್ಸಿಗೆ ಮೈನಸ್ ಒಂದರ ವರ್ಗಮೂಲವೆಂಬ ಕಾಲ್ಪನಿಕ ಸಂಖ್ಯೆಯ ಗುರುತು ಹಚ್ಚಿ, ಸಂಮಿಶ್ರ ಸಂಖ್ಯೆಗಳ ಬೀಜಗಣಿತದಿಂದ ಕೂಡಿಸಿ ಕಳೆಯಬಹುದು. ಡಿಸಿಗೆ ಬಳಸುತ್ತಿದ್ದ ಓಮನ ನಿಯಮ ಹಾಗೆಯೇ ಎಸಿಗೂ ಸಲ್ಲುತ್ತದೆ. ಅದೇ ಬೇಸಿಗೆಯಲ್ಲಿ ಚಿಕಾಗೋದ ವಿದ್ಯುತ್ ಸಮ್ಮೇಳನದಲ್ಲಿ ಸ್ಟೈನ್‌ಮೆಟ್ಜ್ ಇದನ್ನು ಇನ್ನಷ್ಟು ವಿಸ್ತರಿಸಿದ, ಖ್ಯಾತಿಯೂ ಹೆಚ್ಚಾಗಿ ಅವನಿಗೇ ಸಂದಿತು. ಹೆವಿಸೈಡ್ ಮತ್ತು ಕೆನೆಲಿಯ ಹೆಸರುಗಳು ಮತ್ತೊಮ್ಮೆ ಜೊತೆಯಾದದ್ದು 1902ರಲ್ಲಿ. ಆಕಾಶದ ಎತ್ತರದಲ್ಲಿ ರೇಡಿಯೋ ಅಲೆಗಳನ್ನು ಹಿಂದಿರುಗಿಸುವ ಪದರವಿರಬೇಕೆಂದು ಇಬ್ಬರೂ ಪ್ರತ್ಯೇಕವಾಗಿ ಊಹಿಸಿದರು. ಆ ಪದರಕ್ಕೆ ಬಹುಕಾಲ ಇಬ್ಬರ ಹೆಸರೂ ಇತ್ತು.

ಅದೇ 1902ರಲ್ಲಿ ನಮ್ಮ ಕನ್ನಡನಾಡಿನಲ್ಲಿ ಈ ಲೆಕ್ಕ ನೆಲಕ್ಕಿಳಿಯಿತು. ಕಾವೇರಿಯ ಶಿವನಸಮುದ್ರ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 92 ಮೈಲಿ ದೂರ 35,000 ವೋಲ್ಟಿನಲ್ಲಿ ಎಸಿ ವಿದ್ಯುತ್ತು ಹರಿಯತೊಡಗಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲಿ ಅದೂ ಒಂದು. ಅಲ್ಲಿ ಆಯ್ದುಕೊಂಡ ಆವರ್ತನ ಸೆಕೆಂಡಿಗೆ 25 ಸುತ್ತು; ಇಂದು ನಮ್ಮ ಮನೆಗೆ ಬರುವುದು 50. ರಿಯಾಕ್ಟೆನ್ಸ್ ಆವರ್ತನದೊಡನೆ ಏರುತ್ತದೆ, ಆದ್ದರಿಂದ ಅದೇ ತಂತಿ 25ರಲ್ಲಿ ಒಡ್ಡುವ ರಿಯಾಕ್ಟೆನ್ಸ್ 50ರಲ್ಲಿ ಒಡ್ಡುವುದರ ಅರ್ಧ. ಗಾಡಿಯನ್ನು ನಿಧಾನವಾಗಿ ತಿರುಗಿಸಿದಂತೆ.

ಇಲ್ಲಿ 'ಹೊಂದಿಕೆ'ಯ ವಿಷಯವನ್ನೂ ಹೇಳಿಬಿಡಬೇಕು, ಏಕೆಂದರೆ ಅದರ ಬಗ್ಗೆ ಹಬ್ಬಿದ್ದ ಒಂದು ತಪ್ಪು ತಿಳಿವಳಿಕೆ ವಿದ್ಯುತ್ತಿನ ಚರಿತ್ರೆಯನ್ನೇ ಹಿಡಿದು ನಿಲ್ಲಿಸಿತ್ತು. ಮೋರಿಟ್ಜ್ ಯಾಕೋಬಿ ಎಂಬಾತ 1840ರ ಸುಮಾರಿಗೆ ಕಂಡುಕೊಂಡ ನಿಯಮವೊಂದಿದೆ: ಕೊಡುವವನ ಒಳರೋಧಕ್ಕೆ ಪಡೆಯುವವನ ರೋಧ ಸಮನಾದಾಗ ಗರಿಷ್ಠ ಶಕ್ತಿ ದಾಟುತ್ತದೆ. ಸರಿಯಾದ ನಿಯಮ. ಆದರೆ ಆ ಸ್ಥಿತಿಯಲ್ಲಿ ಅರ್ಧ ಶಕ್ತಿ ಕೊಡುವವನೊಳಗೇ ಬಿಸಿಯಾಗಿ ಕರಗುತ್ತದೆ. ಇದನ್ನು ತಪ್ಪಾಗಿ ಓದಿಕೊಂಡವರು ಡೈನಮೋದ ದಕ್ಷತೆ ಎಂದೂ ಶೇಕಡಾ 50 ದಾಟಲಾರದೆಂದು ನಂಬಿದ್ದರು. ಗರಿಷ್ಠ ಶಕ್ತಿ ಬೇರೆ, ಗರಿಷ್ಠ ದಕ್ಷತೆ ಬೇರೆ ಎಂದು ಎಡಿಸನ್ ಮತ್ತು ಅವನ ಗಣಿತಜ್ಞ ಫ್ರಾನ್ಸಿಸ್ ಅಪ್ಟನ್ 1880ರ ಹೊತ್ತಿಗೆ ತೋರಿಸಿದ ಮೇಲೆ ವಿದ್ಯುತ್ ದೀಪದ ವ್ಯಾಪಾರ ಕುದುರಿತು. ಅಂದಿನಿಂದ ಎರಡು ಪಂಥಗಳಾದವು. ಊರಿಗೆ ಬೆಳಕು ಕೊಡುವವರು ತಮ್ಮ ಒಳತೊಡರನ್ನು ಆದಷ್ಟು ಕಡಿಮೆ ಇಡುತ್ತಾರೆ, ಸಮ ಮಾಡುವ ಗೊಡವೆಗೆ ಹೋಗುವುದಿಲ್ಲ. ಸಂದೇಶ ಕಳುಹಿಸುವವರು ಸಮ ಮಾಡುತ್ತಾರೆ. 1935ರ ಸೆಪ್ಟೆಂಬರಿನಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಬಾನುಲಿ ಆರಂಭಿಸಿದಾಗ ಅವರ ಕೈಯಲ್ಲಿದ್ದದ್ದು 30 ವಾಟಿನ ಟ್ರಾನ್ಸ್‌ಮಿಟರ್, ಒಂದು ಸಣ್ಣ ಬಲ್ಬಿನಷ್ಟು. ಅಷ್ಟು ಅಲ್ಪ ಶಕ್ತಿ ಆಂಟೆನಾದ ತೊಡರಿಗೆ ಹೊಂದದೆ ಬಾಗಿಲಿಂದಲೇ ಹಿಂದಿರುಗಿದರೆ ಊರಿಗೆ ಕೇಳುವುದೇನು? ತಂತಿಯ ಕೊನೆಯಲ್ಲಿ ತೊಡರು ಹಠಾತ್ತನೆ ಬದಲಾದರೆ ಅಲೆಯ ಒಂದು ಭಾಗ ಗೋಡೆಗೆ ಬಡಿದ ದನಿಯಂತೆ ಮರಳುತ್ತದೆ. ಹೊಂದಿಕೆ ಎಂದರೆ ಆ ಗೋಡೆಯನ್ನು ಇಲ್ಲವಾಗಿಸುವುದು.

ಈಗ ದಿವಾಕ್ಕೆ ಬರೋಣ.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಮೊದಲ ರೈಲು ಬಂತು. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ದಿವಾ ಆ ದಾರಿಯಲ್ಲಿ, ಖಾಡಿಯ ಪಕ್ಕದ ತಗ್ಗು ನೆಲದಲ್ಲಿದೆ. ಇಲ್ಲಿಂದ ಒಂದು ಮಾರ್ಗ ವಸಾಯಿಗೆ, ಇನ್ನೊಂದು ಪನ್ವೇಲ್ ಮೂಲಕ ಕೊಂಕಣದ ಕಡೆಗೆ ಒಡೆಯುತ್ತದೆ. ನಮ್ಮಲ್ಲಿ ಅನೇಕರನ್ನು ಉಡುಪಿ, ಮಂಗಳೂರುಗಳಿಗೆ ಒಯ್ಯುವ ಗಾಡಿಗಳು ಇಲ್ಲಿಯೇ ಮುಖ್ಯ ಮಾರ್ಗ ಬಿಟ್ಟು ಹೊರಳುತ್ತವೆ. ಜಿ.ಐ.ಪಿ. ರೈಲ್ವೆಯವರು ಮುಖ್ಯ ಮಾರ್ಗಕ್ಕೆ ಆಯ್ದುಕೊಂಡದ್ದು 1500 ವೋಲ್ಟಿನ ಡಿಸಿ. ಅದಕ್ಕೆ ವಿದ್ಯುತ್ತು ಒದಗಿಸಲು ಠಾಕುರ್ಲಿಯ ಬಳಿ ತಮ್ಮದೇ ಪವರ್ ಹೌಸ್ ಕಟ್ಟಿದರು. ಅದಕ್ಕೆ ಚೋಳಾ ಪವರ್ ಹೌಸ್ ಎಂದು ಹೆಸರು. ಕನ್ನಡ ಕಿವಿಗೆ ರಾಜರಾಜ ಚೋಳ ನೆನಪಾಗುತ್ತಾನೆ, ಆದರೆ ಅದು ಅಲ್ಲಿಯ ಚೋಳೆ ಎಂಬ ಹಳ್ಳಿಯ ಹೆಸರು.

ಡಿಸಿಯನ್ನು ಆಯ್ದದ್ದಕ್ಕೆ ಮುಖ್ಯ ಕಾರಣ ಅಂದಿನ ಮೋಟಾರುಗಳು. ಆದರೆ ಹಳಿಯ ದೃಷ್ಟಿಯಿಂದಲೂ ಅದರಲ್ಲೊಂದು ಅನುಕೂಲವಿತ್ತು. ಮೇಲಿನ ತಂತಿಯಿಂದ ಗಾಡಿಗೆ ಇಳಿದ ವಿದ್ಯುತ್ತು ಮೋಟಾರು ತಿರುಗಿಸಿ, ಗಾಲಿಯ ಮೂಲಕ ಹಳಿಗೆ ಇಳಿದು, ಹಳಿಯನ್ನೇ ದಾರಿ ಮಾಡಿಕೊಂಡು ಸಬ್‌ಸ್ಟೇಷನ್ನಿಗೆ ಮರಳಬೇಕು. ಒಂದು ಲೋಕಲಿಗೆ 30 ಲಕ್ಷ ವಾಟ್ ಬೇಕೆಂದು ಲೆಕ್ಕಕ್ಕೆ ಹಿಡಿದರೆ, 1500 ವೋಲ್ಟಿನಲ್ಲಿ ಅದು 2000 ಆಂಪಿಯರ್. ಉಕ್ಕಿನ ಹಳಿ ಡಿಸಿಗೆ ತನ್ನ ಮೈಯೆಲ್ಲವನ್ನೂ ತೆರೆದು ಕೊಡುತ್ತದೆ. ಎಸಿಯಾದರೆ ಪ್ರವಾಹ ಹಳಿಯ ತೊಗಲಿನಷ್ಟು ತೆಳುವಿನಲ್ಲೇ ಹರಿಯಬೇಕಾಗುತ್ತದೆ, ಹಳಿಯ ತೊಡರು ಹಲವು ಪಟ್ಟು ಏರುತ್ತದೆ.

ಅದೇ ಹಳಿಯ ಮೇಲೆ ಇನ್ನೊಂದು ಹರಿವು ಇದೆ. ಕಾಕಾ ಹೇಳಿದ 'ಹಳಿಗೆ ಅನಸೋದು' ಅದರಿಂದ. 1872ರಲ್ಲಿ ವಿಲಿಯಂ ರಾಬಿನ್‌ಸನ್ ಎಂಬ ಅಮೆರಿಕದವನು ಪೇಟೆಂಟ್ ಪಡೆದ ಟ್ರ್ಯಾಕ್ ಸರ್ಕ್ಯೂಟ್ ಎಂಬ ಉಪಾಯ ಸರಳವಾದದ್ದು. ಹಳಿಯನ್ನು ಅವಾಹಕ ಕೀಲುಗಳಿಂದ ತುಂಡುತುಂಡಾಗಿ ಬೇರ್ಪಡಿಸಬೇಕು. ಪ್ರತಿ ತುಂಡಿನ ಒಂದು ತುದಿಯಿಂದ ಎರಡೂ ಹಳಿಗಳಿಗೆ ಅಲ್ಪ ವಿದ್ಯುತ್ತು ಕೊಟ್ಟು, ಇನ್ನೊಂದು ತುದಿಯಲ್ಲಿ ರಿಲೇ ಇಡಬೇಕು. ಹಳಿ ಖಾಲಿಯಿದ್ದರೆ ವಿದ್ಯುತ್ತು ರಿಲೇಗೆ ತಲುಪಿ ಅದನ್ನು ಎತ್ತಿ ಹಿಡಿಯುತ್ತದೆ, ಸಿಗ್ನಲ್ ಹಸಿರಾಗಬಹುದು. ಗಾಡಿ ಬಂದರೆ ಅದರ ಗಾಲಿ-ಅಚ್ಚುಗಳು ಎರಡೂ ಹಳಿಗಳನ್ನು ಬೆಸೆದು ಹತ್ತಿರದ ದಾರಿ ಮಾಡಿಕೊಡುತ್ತವೆ. ರಿಲೇ ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ತಂತಿ ಹರಿದರೂ ಹಳಿ ಮುರಿದರೂ ರಿಲೇ ಬೀಳುತ್ತದೆ. ಜೀವ ಉಳಿಸುವ ಗುಣ ಅದರ ರಚನೆಯಲ್ಲೇ ಇದೆ. ಮುಂಬಯಿಯಲ್ಲಿ 1928ರಲ್ಲಿ ವಿ.ಟಿ.ಯಿಂದ ಬೈಕುಲ್ಲಾದವರೆಗೆ ಜಿ.ಐ.ಪಿ.ಯವರು ಸ್ವಯಂಚಾಲಿತ ಬಣ್ಣದ ದೀಪದ ಸಿಗ್ನಲುಗಳನ್ನು ತಂದಾಗ ನಂಬಿದ್ದು ಇದೇ ತತ್ವವನ್ನು.

ಇಲ್ಲಿ ಸಂಕಟವಿದೆ. ಸಿಗ್ನಲಿಗೆ ಹಳಿಯನ್ನು ತುಂಡು ಮಾಡಬೇಕು. ಗಾಡಿಯ 2000 ಆಂಪಿಯರ್ ಮರಳಲು ಹಳಿ ಅಖಂಡವಾಗಿರಬೇಕು. ಒಂದೇ ಕೀಲು ಒಬ್ಬನಿಗೆ ಮುಚ್ಚಿರಬೇಕು, ಇನ್ನೊಬ್ಬನಿಗೆ ತೆರೆದಿರಬೇಕು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ಸಿಗ್ನಲ್ ತಂತ್ರಜ್ಞರು ಇದಕ್ಕೆ ಕಂಡುಕೊಂಡ ಉತ್ತರ: ಸಿಗ್ನಲಿಗೆ ಎಸಿ ಬಳಸಿ, ಕೀಲಿನ ಎರಡೂ ಬದಿಗೆ ಇಂಪಿಡೆನ್ಸ್ ಬಾಂಡ್ ಇಡುವುದು. ಹೆವಿಸೈಡ್ ಕೊಟ್ಟ ಪದ, ಕೆನೆಲಿ ಕಲಿಸಿದ ಲೆಕ್ಕ, ರೈಲ್ವೆಯ ಕಬ್ಬಿಣ.

ಬಾಂಡ್ ಎಂದರೆ ಕಬ್ಬಿಣದ ತಿರುಳಿನ ಮೇಲೆ ಸುತ್ತಿದ ದಪ್ಪ ತಾಮ್ರದ ಕೆಲವೇ ಸುತ್ತುಗಳು. ಅದರ ಒಂದು ತುದಿ ಎಡಹಳಿಗೆ, ಇನ್ನೊಂದು ಬಲಹಳಿಗೆ. ನಟ್ಟನಡುವಿನಿಂದ ಹೊರಟ ತಂತಿ ಆಚೆಯ ತುಂಡಿನ ಬಾಂಡಿನ ನಡುವಿಗೆ. ಗಾಡಿಯ ಮರಳುವ ವಿದ್ಯುತ್ತು ಎರಡೂ ಹಳಿಗಳಲ್ಲಿ ಸಮನಾಗಿ ಬರುತ್ತದೆ, ಸುರುಳಿಯ ಎರಡು ತುದಿಗಳಿಂದ ಒಳಹೊಕ್ಕು ನಡುವಿನಲ್ಲಿ ಸೇರುತ್ತದೆ. ಎರಡು ಅರ್ಧಗಳಲ್ಲಿ ಅದು ಎದುರುಬದುರು ಸುತ್ತುವುದರಿಂದ ಒಂದು ಅರ್ಧ ಹುಟ್ಟಿಸುವ ಕಾಂತತ್ವವನ್ನು ಇನ್ನೊಂದು ಅರ್ಧ ಅಳಿಸುತ್ತದೆ. ಕಬ್ಬಿಣಕ್ಕೆ ಏನೂ ಆಗಿಲ್ಲವೆಂಬಂತೆ ಇರುತ್ತದೆ. ಸಾವಿರಾರು ಆಂಪಿಯರ್ ನಿರಾಯಾಸವಾಗಿ ದಾಟುತ್ತದೆ. ಸಿಗ್ನಲಿನ ಪ್ರವಾಹವೋ ಒಂದು ಹಳಿಯಿಂದ ಇನ್ನೊಂದಕ್ಕೆ ಹೋಗಬಯಸುವುದು. ಅದು ಸುರುಳಿಯನ್ನು ಪೂರ್ತಿಯಾಗಿ ಒಂದೇ ದಿಕ್ಕಿನಲ್ಲಿ ಸುತ್ತಬೇಕು. ಕಬ್ಬಿಣ ಎಚ್ಚರಗೊಂಡು ತೊಡರು ಒಡ್ಡುತ್ತದೆ. ಪುಟ್ಟ ಪ್ರವಾಹ ಆ ದಾರಿ ಬಿಟ್ಟು ರಿಲೇಯ ಕಡೆಗೆ ಹೋಗುತ್ತದೆ. ಆನೆ ದಾಟುವ ಬಾಗಿಲು, ಇರುವೆಗೆ ಗೋಡೆ.

ಎರಡೂ ಹಳಿಗಳಲ್ಲಿ ಸಮನಾಗಿ ಎಂದೆ. ಎಲ್ಲ ಇರುವುದು ಆ ಮಾತಿನಲ್ಲಿ. ಒಂದು ಬದಿಯ ತಾಮ್ರದ ತಂತಿಯನ್ನು ಯಾರೋ ಕತ್ತರಿಸಿ ಗುಜರಿಗೆ ಮಾರಿದರೆ ವಿದ್ಯುತ್ತು ಒಂದೇ ಅರ್ಧದಲ್ಲಿ ನುಗ್ಗುತ್ತದೆ, ಅಳಿಸುವವರಿಲ್ಲದೆ ಕಬ್ಬಿಣ ಕಾಂತತ್ವದಿಂದ ತುಂಬಿಹೋಗುತ್ತದೆ, ತೊಡರು ಕುಸಿಯುತ್ತದೆ. ಸಿಗ್ನಲಿನ ಪ್ರವಾಹ ಬಾಂಡಿನಲ್ಲೇ ಸೋರಿ ರಿಲೇ ಬೀಳುತ್ತದೆ. "ಎರಡು ಕಿಲೋ ತಾಮ್ರ ಒಯ್ತಾರ್ರಿ," ಎಂದರು ಕಾಕಾ, "ಎರಡು ಲಕ್ಷ ಮಂದಿ ಬಾಗಲಾಗ ಜೋತು ಬೀಳ್ತಾರ." ಅಂಕಿ ಅವರ ಸಿಟ್ಟಿನದು. ಆದರೆ ದಿವಾದ ಪ್ಲಾಟ್‌ಫಾರಂ ಮೇಲೆ ಎಂಟು ಗಂಟೆಗೆ ನಿಂತವರು ಅದನ್ನು ತಕರಾರಿಲ್ಲದೆ ಒಪ್ಪುತ್ತಾರೆ. ಗಾಡಿ ಹತ್ತು ನಿಮಿಷ ತಡವಾದರೆ ಮುಂದಿನ ಗಾಡಿಗೆ ಎರಡು ಗಾಡಿಯ ಜನ.

ಹೊಂದಿಕೆಯ ನಿಜವಾದ ಪರೀಕ್ಷೆ ಮಳೆಗಾಲದ್ದು. ಹಳಿಗಳ ನಡುವಿನ ಜಲ್ಲಿ ಮೇ ತಿಂಗಳಲ್ಲಿ ಒಣಗಿ ಒಳ್ಳೆಯ ಅವಾಹಕವಾಗಿರುತ್ತದೆ. ಜುಲೈಯಲ್ಲಿ ಅದೇ ಜಲ್ಲಿ ಕೆಸರು, ಪ್ಲಾಸ್ಟಿಕ್, ಖಾಡಿಯ ಉಪ್ಪುನೀರು ಸೇರಿ ಒಂದು ಹಳಿಯಿಂದ ಇನ್ನೊಂದಕ್ಕೆ ಪ್ರವಾಹ ಸೋರುವ ದಾರಿಯಾಗುತ್ತದೆ. ಗಾಡಿಯಿಲ್ಲದೆಯೇ ರಿಲೇಗೆ ಸಾಲದಾಗುತ್ತದೆ. ಅಂದು ಮುಂಬ್ರಾದ ಈಚೆಗೆ ನಮ್ಮನ್ನು ನಿಲ್ಲಿಸಿದ್ದು ಇದೇ ಇರಬೇಕೆಂದು ಕಾಕಾರ ಅಂದಾಜು. ಹಾಗಾದರೆ ಆರಂಭದಿಂದಲೇ ಹೆಚ್ಚು ಕೊಡಬಾರದೇಕೆ ಎಂದೆ. ಅವರ ಮುಖ ಗಂಭೀರವಾಯಿತು.

"ಹೆಚ್ಚು ಕೊಟ್ರ ಏನಾಗ್ತದ ಗೊತ್ತೇನ್ರಿ? ಬ್ಯಾಸಗ್ಯಾಗ ಗಾಡಿ ಮ್ಯಾಲ ನಿಂತಿದ್ರೂ ರಿಲೇ ಬೀಳಂಗಿಲ್ಲ. ಹಳಿ ತುಕ್ಕು ಹಿಡದಿತ್ತಂದ್ರ, ಮ್ಯಾಲ ಹೊಲಸು ಕುಂತಿತ್ತಂದ್ರ, ಗಾಲಿ ಸರಿ ಮುಟ್ಟಂಗಿಲ್ಲ. ಆಗ ಗಾಡಿ ಐತಿ, ಹಳಿಗೆ ಗೊತ್ತಿಲ್ಲ. ಕೆಂಪ ಇರೋ ಕಡೆ ಹಸರ. ಕೆಂಪ ಬಿದ್ರ ಮಂದಿ ಬೈತಾರ, ಬೈಲಿ. ಹಸರ ಬಿದ್ರ ಬೈಯಾಕ ಮಂದಿನ ಇರಂಗಿಲ್ಲ."

ಆದ್ದರಿಂದ ಕೊಡುವ ತುದಿಯಲ್ಲಿ ಹೊಂದಿಸಬಹುದಾದ ರೋಧವನ್ನೋ ಸುರುಳಿಯನ್ನೋ ಇಡುತ್ತಾರೆ. ಹಳಿಯ ಕಡೆ ತೊಡರು ಬಹಳ ಕಡಿಮೆ, ರಿಲೇಯ ಕಡೆ ಹೆಚ್ಚು. ನಡುವೆ ಟ್ರಾನ್ಸ್‌ಫಾರ್ಮರ್ ಕುಳಿತು ಎರಡನ್ನೂ ಒಂದಕ್ಕೊಂದು ಒಗ್ಗಿಸುತ್ತದೆ. ಒಂದು ಕಡೆಗಿಂತ ಇನ್ನೊಂದು ಕಡೆ ಐದು ಪಟ್ಟು ಸುತ್ತುಗಳಿದ್ದರೆ ತೊಡರು ಇಪ್ಪತ್ತೈದು ಪಟ್ಟಾಗಿ ಕಾಣುತ್ತದೆ, ಪಟ್ಟಿನ ವರ್ಗ. ಯಾಕೋಬಿಯ ನಿಯಮದಂತೆ ಗರಿಷ್ಠ ಶಕ್ತಿ ದಾಟಿಸುವುದು ಇಲ್ಲಿಯ ಗುರಿಯಲ್ಲ. ಅತಿ ಒದ್ದೆಯಾದ ದಿನ ರಿಲೇ ಎದ್ದು ನಿಲ್ಲಬೇಕು, ಅತಿ ಒಣಗಿದ ದಿನ ಒಂದೇ ಒಂದು ಅಚ್ಚು ಬಂದರೂ ಬೀಳಬೇಕು. ಈ ಎರಡು ಗೆರೆಗಳ ನಡುವಿನ ಸಣ್ಣ ಜಾಗದಲ್ಲಿ ಕೈಯಿಟ್ಟು ನಿಲ್ಲಿಸುವ ಕೆಲಸವನ್ನು ಕಾಕಾರಂಥವರು ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಮೊಣಕಾಲುದ್ದ ನೀರಿನಲ್ಲಿ, ಮೀಟರ್ ಹಿಡಿದು ವರ್ಷವರ್ಷವೂ ಮಾಡಿದರು. ಪುಸ್ತಕಗಳಲ್ಲಿ ಹೊಂದಿಕೆಯ ಬಗ್ಗೆ ಓದುವಾಗ ನನಗೆ ಕಾಣುವ ಚಿತ್ರ ಇದು.

ಸುಮಾರು ತೊಂಬತ್ತು ವರ್ಷ ಡಿಸಿಯಲ್ಲಿ ಓಡಿದ ಮೇಲೆ ಎಲ್ಲವೂ ಮಗುಚಿಕೊಂಡಿತು. ಕಸಾರಾ ಕಡೆಯಿಂದ ಹಂತಹಂತವಾಗಿ ಬಂದ 25,000 ವೋಲ್ಟಿನ ಎಸಿ 2015ರ ಜೂನ್‌ನಲ್ಲಿ ಮಧ್ಯ ರೈಲ್ವೆಯ ಮುಖ್ಯ ಮಾರ್ಗವನ್ನು ಪೂರ್ತಿ ಆವರಿಸಿತು. ಹಾರ್ಬರ್ ಮಾರ್ಗ 2016ರ ಏಪ್ರಿಲ್‌ನಲ್ಲಿ. ನಡುವಿನ ವರ್ಷಗಳಲ್ಲಿ ಎರಡೂ ಬಗೆಯಲ್ಲಿ ಓಡಬಲ್ಲ ಗಾಡಿಗಳಿದ್ದವು. ಡಿಸಿಯ ತಂತಿ ಮುಗಿದು ಎಸಿಯ ತಂತಿ ಆರಂಭವಾಗುವ ಸತ್ತ ತುಣುಕಿನಲ್ಲಿ ಡಬ್ಬಿಯ ದೀಪ, ಫ್ಯಾನು ಒಂದು ಗಳಿಗೆ ಆರಿ ಹತ್ತುತ್ತಿದ್ದದ್ದು ಹಲವರಿಗೆ ನೆನಪಿರಬಹುದು. ಹಿಂದಿನ ಲೆಕ್ಕದ 30 ಲಕ್ಷ ವಾಟಿಗೆ ಈಗ 2000ದ ಬದಲು 120 ಆಂಪಿಯರ್ ಸಾಕು. ಆದರೆ ಆನೆಯೂ ಈಗ ಎಸಿ, ಅದೂ 50 ಸುತ್ತಿನದು. ಅದೇ 50ರ ಸಿಗ್ನಲ್ ಪ್ರವಾಹ ಹಳಿಯಲ್ಲಿದ್ದರೆ ಯಾವುದು ಯಾರದೆಂದು ರಿಲೇಗೆ ತಿಳಿಯುವುದು ಹೇಗೆ? ಆದ್ದರಿಂದ ತಂತಿಗೆ 25,000 ವೋಲ್ಟ್ ಹತ್ತಿಸುವ ಮುನ್ನ ಮಾರ್ಗದುದ್ದಕ್ಕೂ ಸಿಗ್ನಲ್ ವ್ಯವಸ್ಥೆಯನ್ನೇ ಬದಲಿಸಬೇಕಾಯಿತು. ಎಸಿಗೂ ಡಿಸಿಗೂ ಸಲ್ಲುವಂತೆ ಭಾರತೀಯ ರೈಲ್ವೆಯಲ್ಲಿ ಬಳಕೆಗೆ ಬಂದ ಒಂದು ಆವರ್ತನ 83⅓ ಸುತ್ತಿನದು. ಐವತ್ತರ ಇಮ್ಮಡಿಯೂ ಅಲ್ಲ, ಮುಮ್ಮಡಿಯೂ ಅಲ್ಲದ ಈ ವಿಚಿತ್ರ ಸಂಖ್ಯೆಯನ್ನು ಅದಕ್ಕೆಂದೇ ಆರಿಸಿದ್ದು. ಬಾಂಡಿಗೆ ಈ ಬದಲಾವಣೆ ದೊಡ್ಡದೆನಿಸಲಿಲ್ಲ. ಸಮನಾಗಿ ಬಂದ ಎಸಿಯೂ ಡಿಸಿಯ ಹಾಗೆಯೇ ಕಬ್ಬಿಣದಲ್ಲಿ ಒಂದನ್ನೊಂದು ಅಳಿಸಿಕೊಳ್ಳುತ್ತದೆ.

ಇನ್ನೂ ಮುಂದುವರಿದ ಏರ್ಪಾಡಿನಲ್ಲಿ ಹಳಿಯನ್ನು ಕತ್ತರಿಸುವುದೇ ಇಲ್ಲ. ಅಕ್ಕಪಕ್ಕದ ತುಂಡುಗಳಿಗೆ ಬೇರೆಬೇರೆ ಆವರ್ತನ ಕೊಟ್ಟು, ನಡುವೆ ಶ್ರುತಿ ಮಾಡಿದ ಸುರುಳಿ-ಕೆಪಾಸಿಟರುಗಳನ್ನು ಇಡುತ್ತಾರೆ. ಒಂದು ಸ್ವರಕ್ಕೆ ಅದು ತೆರೆದ ದಾರಿ, ಪಕ್ಕದ ಸ್ವರಕ್ಕೆ ಕೊನೆ. ಅಖಂಡ ಉಕ್ಕಿನಲ್ಲಿ ತೊಡರಿನಿಂದಲೇ ಗಡಿ ಎಳೆದಂತೆ. ಇತ್ತೀಚೆಗೆ ಅದನ್ನೂ ಬಿಟ್ಟು ಗಾಲಿಯ ಅಚ್ಚುಗಳನ್ನು ಎಣಿಸುವ ಯಂತ್ರಗಳು ಬರುತ್ತಿವೆ. ತುಂಡಿನೊಳಕ್ಕೆ ಹೋದ ಅಚ್ಚುಗಳೆಷ್ಟು, ಹೊರಬಂದವೆಷ್ಟು, ಲೆಕ್ಕ ಸರಿಯಾದರೆ ಹಸಿರು. ಜಲ್ಲಿ ಒದ್ದೆಯಾದರೂ ಅದಕ್ಕೆ ಚಿಂತೆಯಿಲ್ಲ. ಆದರೆ ನಡುವೆ ಹಳಿ ಮುರಿದರೆ ಅದಕ್ಕೆ ತಿಳಿಯುವುದೂ ಇಲ್ಲ. ರಾಬಿನ್‌ಸನ್ನನ ಹಳೆಯ ಉಪಾಯಕ್ಕೆ ತಿಳಿಯುತ್ತಿತ್ತು.

2022ರ ಫೆಬ್ರವರಿಯಲ್ಲಿ ಥಾಣೆ–ದಿವಾ ನಡುವಿನ ಐದನೆಯ ಮತ್ತು ಆರನೆಯ ಹಳಿಗಳು ಬಂದವು. ಅದೇ ವರ್ಷ ಕೊಂಕಣ ರೈಲ್ವೆಯ ವಿದ್ಯುದೀಕರಣ ಪೂರ್ಣಗೊಂಡಿತು. ದಿವಾದಿಂದ ಹೊರಳಿದ ಗಾಡಿ ಈಗ ಮಂಗಳೂರಿನವರೆಗೂ ಡೀಸೆಲ್ಲಿಲ್ಲದೆ ಹೋಗಬಲ್ಲದು.

ಈ ಲೇಖನದ ಕರಡನ್ನು ಕಾಕಾರಿಗೆ ಓದಿ ಹೇಳಿದೆ. ಕೊಲಾಬಾದ ಹುಡುಗನ ಕಥೆ ಅವರಿಗೆ ಮೆಚ್ಚುಗೆಯಾಯಿತು, ಎರಡು ಸಲ ಕೇಳಿಸಿಕೊಂಡರು. ಎಪ್ಪತ್ನಾಲ್ಕಕ್ಕೆ ತೀರಿಕೊಂಡ ಹೆವಿಸೈಡ್‌ಗೆ ಪಿಂಚಣಿ ಬರುತ್ತಿತ್ತೇ ಎಂದು ವಿಚಾರಿಸಿದರು. ಸರಕಾರ ಒಂದಿಷ್ಟು ಕೊಡುತ್ತಿತ್ತು ಎಂದಾಗ ಸಮಾಧಾನಪಟ್ಟರು. 'ತೊಡರು' ಎಂಬ ಪದದ ಬಗ್ಗೆ ಅಭಿಪ್ರಾಯ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಛಲೋ ಐತ್ರಿ," ಎಂದರು, "ಆದ್ರ ರಾತ್ರಿ ಎರಡಕ್ಕ ಫೋನ್ ಬಂದಾಗ ಬಾಂಡ್ ಅಂದ್ರನ ಲಗೂ ತಿಳೀತದ."